ಎರಡು ಕೇಬಲ್‌ಗೂ ಬೊಟ್ಟು

"ಎರಡಕ್ಕೂ ಕುಂಕುಮ ಇಟ್ಟೋರು ಯಾರು?" ಸರ್ವರ್ ಪೆಟ್ಟಿಗೆಯ ಹಿಂದೆ ಮಂಡಿಯೂರಿದ್ದ, ಕಾಲೇಜಿನ ಕಂಪ್ಯೂಟರ್ ನೋಡಿಕೊಳ್ಳುವ ಸಂಘಮಿತ್ರಾ ಕೂಗಿದಳು.

"ನಾನೇ ಕಣವ್ವ," ಎಂದಳು ಅಟೆಂಡರ್ ಅಜ್ಜಮ್ಮ, ಹೊಗಳಿಕೆಗೆ ಕಾದು ನಿಂತವಳಂತೆ. "ಆಯುಧಪೂಜೆ ದಿನ ನೀನು ಒಂದು ವೈರಿಗೆ ಇಟ್ಟು ಹೋಗಿದ್ದೆ. ಕುಂಕುಮ ಮುಟ್ಟದ ಹುಡುಗಿ ಪೂಜೆಗೆ ಕೈ ಹಾಕಿದ್ಳಲ್ಲ ಅಂತ ಎಷ್ಟು ಖುಷಿಯಾಯ್ತು! ಇನ್ನೊಂದನ್ನ ಬರಿದೆ ಬಿಡಾಕಾಗ್ತೈತಾ? ಎಲ್ಲ ಒರೆಸಿ ಎರಡಕ್ಕೂ ಒಂದೇ ಸಮ ಇಟ್ಟೆ."

ಸಂಘಮಿತ್ರಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಮನೆಯಲ್ಲಿ ಬುದ್ಧನ ಪಟದ ಮುಂದೆ ದೀಪ ಉಂಟು, ಕುಂಕುಮ ಇಲ್ಲ. ಅವತ್ತು ಅವಳು ಪೂಜೆಯನ್ನೇನೂ ಮಾಡಿರಲಿಲ್ಲ. ಸರ್ವರಿನ ಎರಡು ಕೇಬಲ್‌ಗಳಲ್ಲಿ ಒಂದು ಆಗಾಗ ಕೈಕೊಡುತ್ತಿದ್ದುದನ್ನು ಪತ್ತೆ ಹಚ್ಚಿದ್ದಳು. ನೀಲಿ ಪ್ಲಾಸ್ಟಿಕ್ಕಿನ ಮೇಲೆ ಪೆನ್ನಿನ ಶಾಯಿ ಮೂಡಿರಲಿಲ್ಲ. ಪಕ್ಕದಲ್ಲೇ ಇದ್ದ ಪೂಜೆ ತಟ್ಟೆಯಿಂದ ಗುರುತಿಗೆಂದು ಒಂದು ಬೊಟ್ಟು ಇಟ್ಟಿದ್ದಳು, ಅಷ್ಟೇ. ರಜೆಯಲ್ಲಿ ಶಿವಮೊಗ್ಗದಿಂದ ತಂದ ಹೊಸ ಕೇಬಲ್ ಬ್ಯಾಗಿನಲ್ಲಿತ್ತು. ಯಾವುದರ ಜಾಗಕ್ಕೆ ಹಾಕುವುದು?

ಪಕ್ಕದ ಹಾಲಿನಲ್ಲಿ ಆನ್‌ಲೈನ್ ಪರೀಕ್ಷೆ ಆಗಲೇ ಶುರುವಾಗಿತ್ತು. ಕತ್ತಲಗೆರೆ, ಸೂರಗೊಂಡನಕೊಪ್ಪದ ಕಡೆಯಿಂದ ಮಕ್ಕಳು ಮೊದಲ ಬಸ್ಸಿಗೇ ಹೊನ್ನಾಳಿಗೆ ಬಂದು ಕೂತಿದ್ದರು. ಅವರ ಪರದೆಗಳು ಒಮ್ಮೆ ನಿಂತು ಮತ್ತೆ ಚಲಿಸಿದ್ದವು. ಸಂಪರ್ಕ ಪೂರ್ತಿ ಕಡಿದರೆ ಅಷ್ಟೂ ಮಕ್ಕಳ ಪರೀಕ್ಷೆ ರದ್ದು.

ಅವಳು ಸಿದ್ದೇಶನಿಗೆ ಫೋನ್ ಹಚ್ಚಿದಳು. ಇದನ್ನೆಲ್ಲ ಜೋಡಿಸಿ, ಆಮೇಲೆ ಕೆಲಸ ಬಿಟ್ಟು ಜಗಳೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟ ಪುಣ್ಯಾತ್ಮ ಅವನೇ.

"ಆ ಎರಡು ಕೇಬಲ್ ಸಿಕ್ಕಿಸೋ ನೆಟ್‌ವರ್ಕ್ ಕಾರ್ಡನ್ನ ಸಿಸ್ಟಮ್ಮಿನೊಳಗೆ ಕೂಡಿಸಿ ಒಂದು ಮಾಡಿದೀನಿ ಕಣ್ರಿ. ಅದರ ಲೆಕ್ಕಕ್ಕೆ ಇರಾದು ಒಂದೇ ದಾರಿ. ಒಂದು ಕಿತ್ತರೂ ಇನ್ನೊಂದ್ರಾಗೆ ನಡೀತೈತೆ."

"ಹಂಗಾದ್ರೆ ಈಗ್ಯಾಕೆ ನಿಲ್ತೈತೆ?"

"ಅದು ಪೂರ್ತಿ ಸತ್ತಿಲ್ವಲ್ರಿ. ಒಂದ್ಸಲ ಇದೀನಿ ಅಂತೈತೆ, ಒಂದ್ಸಲ ಇಲ್ಲ ಅಂತೈತೆ. ಸಿಸ್ಟಮ್ ನಂಬ್ಕೊಂಡು ಅದ್ರಾಗೂ ಕಳಿಸ್ತೈತೆ. ಕೆಟ್ಟಿದ್ದನ್ನ ಕಿತ್ತಾಕ್ರಿ, ಸರಿ ಹೋಗ್ತೈತೆ."

ಕೆಟ್ಟಿದ್ದು ಯಾವುದು ಎಂಬುದೇ ತಾನೇ ಪ್ರಶ್ನೆ! ಸರ್ವರಿನ ಪರದೆಯನ್ನು ಪರೀಕ್ಷೆಯ ಸಾಫ್ಟ್‌ವೇರ್ ಹಿಡಿದು ಕೂತಿತ್ತು; ಮುಗಿಯುವ ತನಕ ಬೇರೇನೂ ತೆರೆಯುವಂತಿರಲಿಲ್ಲ. ಎರಡು ಕೇಬಲ್‌ಗಳ ದೀಪಗಳೂ ಏನೂ ಅರಿಯದವರ ಹಾಗೆ ಮಿನುಗುತ್ತಿದ್ದವು. ಒಳ್ಳೆಯದನ್ನೇ ಕಿತ್ತರೆ ಭಾರವೆಲ್ಲ ಕೆಟ್ಟದ್ದರ ಮೇಲೆ.

ಬಾಗಿಲಲ್ಲಿ ಪ್ರಿನ್ಸಿಪಾಲ್ ತಿಪ್ಪೇಶಪ್ಪ ಕಾಣಿಸಿಕೊಂಡರು. "ಏನಮ್ಮ ಇದು, ಮತ್ತೆ ನಿಂತೈತೆ! ಒಬ್ಬಳು ಹುಡುಗಿ ಅಳಾಕೆ ಹತ್ತಿದಾಳೆ."

ಸಂಘಮಿತ್ರಾ ಕೇಬಲ್‌ಗಳ ಕಡೆ ಕೈ ಚಾಚಿದಳು. ಒಂದನ್ನು ಹಿಡಿದಳು, ಬಿಟ್ಟಳು, ಇನ್ನೊಂದನ್ನು ಹಿಡಿದಳು. ಹಣೆಯ ಬೆವರು ಒರೆಸಿಕೊಂಡು, ಮತ್ತೆ ಮೊದಲಿನದನ್ನೇ ಹಿಡಿದು ಎಳೆದಳು.

ಹಾಲಿನಿಂದ ಕೂಗು ಬರಲಿಲ್ಲ. ಮೌಸಿನ ಟಿಕ್ ಟಿಕ್ ಸದ್ದು ಮತ್ತೆ ಶುರುವಾಗಿ, ಮುಗಿಯುವವರೆಗೂ ನಿಲ್ಲಲಿಲ್ಲ. ಕಿತ್ತ ಕೇಬಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವಳು ನೆಲದ ಮೇಲೆ ಕೂತಿದ್ದಳು. ಮಕ್ಕಳು ಹೊರಟ ಮೇಲೆ ತಿಪ್ಪೇಶಪ್ಪ ಬಂದು, "ಭೇಷ್! ಕೆಟ್ಟಿದ್ದನ್ನೇ ಹುಡುಕಿ ಕಿತ್ತೆ ನೋಡು," ಎಂದು ಹೋದರು.

ಪರದೆ ಬಿಡುವಾದ ಕೂಡಲೇ ಅವಳು ಸಿಸ್ಟಮ್ಮಿನ ದಾಖಲೆ ತೆರೆದಳು. ಒಮ್ಮೆ ಓದಿದಳು, ನಂಬದೆ ಮತ್ತೊಮ್ಮೆ ಓದಿದಳು. ಆಯುಧಪೂಜೆ ದಿನದ ದಾಖಲೆಗೆ ಹೋಲಿಸಿದರೆ, ಅವಳು ಕಿತ್ತಿದ್ದು ಒಳ್ಳೆಯ ಕೇಬಲ್. ಕೆಟ್ಟದ್ದೆಂದು ಅವಳು ಬೊಟ್ಟಿಟ್ಟಿದ್ದ ಕೇಬಲ್ಲೇ, ಒಂದು ಸಲವೂ ತಪ್ಪದೆ, ಪರೀಕ್ಷೆಯನ್ನು ಒಂಟಿಯಾಗಿ ದಾಟಿಸಿತ್ತು. ಎಳೆಯುವಾಗ ಕೈ ತಾಗಿ ಅದು ಸರಿಯಾಗಿ ಕೂತಿತೋ? ಅಥವಾ ಅವತ್ತು ತಾನೇ ತಪ್ಪು ತಿಳಿದಿದ್ದಳೋ? ಒಂದೂ ಬಗೆಹರಿಯಲಿಲ್ಲ.

"ಅಜ್ಜಮ್ಮಾರೇ, ನಂಗೇನೂ ಅರ್ಥ ಆಗ್ತಿಲ್ರೀ," ಎಂದಳು.

ಅಜ್ಜಮ್ಮ ಹತ್ತಿರ ಬಂದು ನಿಂತಳು. ಚಹಾದ ಲೋಟ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದಳು, ಕಣ್ಣು ತುಂಬಿಕೊಂಡು. ಸಂಘಮಿತ್ರಾ ಅಷ್ಟರಲ್ಲಿ ಆರಿಹೋಗಿದ್ದ ಮಾನಿಟರಿನ ಕಡೆ ತಿರುಗಿದಳು. ಕಪ್ಪು ಗಾಜಿನಲ್ಲಿ ಅವಳ ಹಣೆ ಕಂಡಿತು, ನಡುವೆ ಕೇಬಲಿನಿಂದ ಕೈಗಂಟಿ ಬೆವರಿಗೆ ಹರಡಿದ ಕುಂಕುಮದ ಕೆಂಪು.

ಒರೆಸಿಕೊಳ್ಳಲು ಕೈ ಮೇಲೆ ಹೋಯಿತು. ಅಜ್ಜಮ್ಮನನ್ನು ಕಂಡು ಕೈ ಇಳಿಸಿ, ಕಿತ್ತಿದ್ದ ಕೇಬಲನ್ನು ಇನ್ನೊಂದರ ಪಕ್ಕದಲ್ಲಿ ಮೆಲ್ಲಗೆ ಸಿಕ್ಕಿಸಿದಳು.