ಮೂರನೆಯ ಕರೆ

"ಭವಿತಾ."

ಮೂರನೆಯ ಸಲವೂ ಲಾಲಿ ಟೀಚರ್ ಅದೇ ಹೆಸರು ಕರೆದಾಗ ಸಾಲಿನಲ್ಲಿ ನಿಂತ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಡುಕಜೆ ಸರಕಾರಿ ಶಾಲೆಯ ಮೈದಾನದಲ್ಲಿ ಅಷ್ಟು ಹೊತ್ತು ಎದ್ದಿದ್ದ ಗಲಾಟೆ ಒಮ್ಮೆಲೇ ನಿಂತಿತು. ಟೀಚರಿಗೆ ಅದು ಬರೀ ಅಭ್ಯಾಸಬಲ. ಹಾಜರಿಯಲ್ಲಿ ಉತ್ತರ ಬಾರದಿದ್ದರೆ ಮೂರು ಸಲ ಕರೆಯುವುದು, ಆಮೇಲೆ ಮುಂದಿನ ಹೆಸರಿಗೆ ಹೋಗುವುದು. ಉತ್ತರ ಬರುವುದೇ ಸಾಧ್ಯವಿಲ್ಲದ ಹೆಸರು ಇದು ಎಂಬುದು ಬಾಯಿಯ ಅಭ್ಯಾಸಕ್ಕೆ ಹೇಗೆ ಗೊತ್ತಾಗಬೇಕು?

"ಟೀಚರ್," ತಂಡದ ನಾಯಕಿ ಮೋಕ್ಷಿತಾ ಮೆಲ್ಲಗೆ ಹೇಳಿದಳು, "ಒಂದು ಸಲ ಕರೆದ್ರೆ ಸಾಕಿತ್ತು. ಸತ್ತವರನ್ನು ಮೂರು ಸಲ ಕರೀಲಿಕ್ಕಿಲ್ಲ."

"ಕರೆದ್ರೆ ಎಂತ ಆಗ್ತದೆ?"

"ಒಳಗೆ ಬರ್ತಾರೆ. ನಮ್ಮಲ್ಲಿ ಹಿರಿಯರಿಗೆ ಬಡಿಸುವ ದಿನ ಅಜ್ಜ ಹೊಸ್ತಿಲಲ್ಲಿ ನಿಂತು ಹಾಗೇ ಕರೆಯುದು. ಮತ್ತೆ ಬಾಗಿಲು ಹಾಕಿ ನಾವೆಲ್ಲ ಹೊರಗೆ ನಿಲ್ಲುದು."

"ನಮ್ಮ ಮೈದಾನಕ್ಕೆ ಬಾಗಿಲೇ ಇಲ್ಲ ಅಲ್ವಾ ಮಾರಾಯ್ತಿ. ಗೋಡೆ ಕಟ್ಟಿಸ್ಲಿಕ್ಕೇ ಇನ್ನೂ ದುಡ್ಡು ಬಂದಿಲ್ಲ," ಎಂದು ಲಾಲಿ ನಕ್ಕಳು. ಅವಳು ನೆಲ್ಯಾಡಿಯ ರಬ್ಬರ್ ತೋಟದ ಮನೆಯವಳು. ಭಾನುವಾರ ಇಗರ್ಜಿ, ಸತ್ತವರಿಗೆ ಒಂದು ಮೋಂಬತ್ತಿ, ಅಷ್ಟೇ ಅವಳಿಗೆ ತಿಳಿದ ಕ್ರಮ. ಹುಡುಗಿಯರಲ್ಲಿ ಒಬ್ಬಳೂ ನಗಲಿಲ್ಲ.

ಈ ಹೆಸರು ಹಾಜರಿಗೆ ಸೇರಿದ್ದಕ್ಕೆ ಕಾರಣ ಹಿಂದಿನ ವರ್ಷದ್ದು. ಆ ವರ್ಷ ಶಾಲೆಯ ತ್ರೋಬಾಲ್ ತಂಡ ವಲಯ ಮಟ್ಟದಲ್ಲಿ ಗೆದ್ದಿತ್ತು. ಆದರೆ ತಾಲೂಕು ಪಂದ್ಯಕ್ಕೆ ಹೋಗಲು ಗಾಡಿಗೆ ದುಡ್ಡಿಲ್ಲದೆ ಮಕ್ಕಳು ಚೀಲ ಹೆಗಲಿಗೇರಿಸಿ ಮಧ್ಯಾಹ್ನದ ತನಕ ಶಾಲೆಯ ಮೆಟ್ಟಿಲಲ್ಲಿ ನಿಂತು, ಬಿಸಿಯೂಟ ಉಂಡು ಮನೆಗೆ ಹೋಗಿದ್ದರು. ಇಲಾಖೆಯ ಕ್ರೀಡಾನಿಧಿ ಒಂದು ಚೆಂಡು ಕೊಳ್ಳುವಷ್ಟರಲ್ಲಿ ಸುಸ್ತಾಗುತ್ತಿತ್ತು. ಸಂಗೀತದ ಮೇಷ್ಟ್ರಿಗೆ ಗೌರವಧನ ಕೊಡಲಾಗದೆ ಹಾರ್ಮೋನಿಯಂ ಕಪಾಟು ಸೇರಿತ್ತು. ಮುಖ್ಯೋಪಾಧ್ಯಾಯ ಅಚ್ಚುತ ಮಾಸ್ತರರಂತೂ ದಾನಿಗಳ ಬಾಗಿಲು ತಟ್ಟಿ ತಟ್ಟಿ, ಊರಿನವರು ಅವರನ್ನು ಕಂಡರೆ ತೋಟಕ್ಕೆ ಇಳಿದು ಅಡಗುವ ಹಾಗಾಗಿತ್ತು. ಈ ಹುಡುಗಿಯರು ಈಗ ಏಳನೇ ತರಗತಿ. ಈ ಸಲ ತಪ್ಪಿದರೆ ಮತ್ತೆ ಈ ಶಾಲೆಯ ಹೆಸರಿನಲ್ಲಿ ಆಡುವುದಿಲ್ಲ. ಏನಾದರೂ ಮಾಡಿ ನಿಮ್ಮನ್ನು ಕರೆದುಕೊಂಡು ಹೋಗಿಯೇ ಹೋಗುತ್ತೇನೆ ಎಂದು ಲಾಲಿ ಮಾತು ಕೊಟ್ಟುಬಿಟ್ಟಿದ್ದಳು.

ಆಗ ಯಾರೂ ಕರೆಯದೆ ತಾವಾಗಿ ಬಂದವರು ಊರಿನ ಅನುಕೂಲಸ್ಥೆ ಸೇವಂತಿಯಕ್ಕ.

"ಅಂಗಿ, ಬೂಟು, ನೆಟ್ಟು, ಜೀಪು, ಊಟ, ಎಲ್ಲ ನಂದು," ಎಂದರು ಆಫೀಸಿನ ಬೆಂಚಿನ ತುದಿಯಲ್ಲಿ ಕೂತು. "ಹಾರ್ಮೋನಿಯಂ ಮೇಷ್ಟ್ರನ್ನೂ ಕರೆಸುವ. ಈ ವರ್ಷಕ್ಕೆ ಮಾತ್ರ ಅಂತ ಅಲ್ಲ. ಆದ್ರೆ ಅಂಗಿ ಒಂದು ಹೆಚ್ಚು ಹೊಲಿಸಬೇಕು, ಅದರಲ್ಲಿ ಭವಿತಾ ಅಂತ ಹೆಸರು ಬೇಕು. ಹಾಜರಿಯಲ್ಲಿ ಅವಳನ್ನು ಒಂದು ಸಲ ಕರೀಬೇಕು."

ಭವಿತಾ ಅವರ ಒಬ್ಬಳೇ ಮಗಳು. ಒಂದನೇ ತರಗತಿಯಲ್ಲಿ ಜ್ವರ ಬಂದು ತೀರಿಕೊಂಡವಳು. ಬದುಕಿದ್ದರೆ ಮೋಕ್ಷಿತಾಳ ಪಕ್ಕದ ಬೆಂಚಿನಲ್ಲೇ ಇರುತ್ತಿದ್ದಳು. ಅಚ್ಚುತ ಮಾಸ್ತರರು ಮೇಜಿನ ಮೇಲಿನ ಪೆನ್ನನ್ನು ಅತ್ತಿಂದಿತ್ತ ಉರುಳಿಸುತ್ತಾ ತಲೆ ತಗ್ಗಿಸಿದರು.

"ಹೋದ ಮಕ್ಕಳೂ ಬೆಳೀತಾರೆ ಟೀಚರ್," ಎಂದರು ಸೇವಂತಿಯಕ್ಕ. "ಪ್ರಾಯಕ್ಕೆ ಬಂದ ಮೇಲೆ ಅವಳಿಗೊಂದು ಮದುವೆ ಮಾಡ್ಲಿಕ್ಕುಂಟು. ಅವಳ ಹಾಗೇ ಹೋದ ಒಂದು ಹುಡುಗನನ್ನು ಹುಡುಕಿ, ಕ್ರಮಪ್ರಕಾರ. ಅದೆಲ್ಲ ನಾವು ಮಾಡುವ. ಅದಕ್ಕಿಂತ ಮೊದ್ಲು ಸ್ವಲ್ಪ ಆಡುದು ಬೇಡ್ವಾ?"

ಲಾಲಿಗೆ ಅಳು ಬಂತು, ಜೊತೆಗೆ ಜೀಪೂ ಕಣ್ಣ ಮುಂದೆ ಬಂತು. ಎರಡರಲ್ಲಿ ಯಾವುದು ಮೊದಲು ಎಂದು ಅವಳು ತನ್ನನ್ನೇ ಕೇಳಿಕೊಳ್ಳಲು ಹೋಗಲಿಲ್ಲ.

ನೀಲಿ ಅಂಗಿಗಳು ಬಂದವು. ಹೆಚ್ಚಿನ ಒಂದನ್ನು ಅಭ್ಯಾಸದ ಹೊತ್ತಿಗೆ ಮೈದಾನದ ಬದಿಯ ಕುರ್ಚಿಗೆ ತೊಡಿಸುವುದು, ಸಂಜೆ ಸೇವಂತಿಯಕ್ಕ ಬಂದು ಮಡಚಿ ಒಯ್ಯುವುದು, ಹೀಗೆ ನಡೆಯಿತು. ಹಾಜರಿಯಲ್ಲಿ ಮೂರು ಸಲ ಕರೆದ ಆ ದಿನದ ಬಳಿಕ ಲಾಲಿ ಒಂದೇ ಸಲ ಕರೆಯುವ ಎಚ್ಚರ ವಹಿಸಿದಳು. ನಂಬಿಕೆಯಿಂದಲ್ಲ, ಮಕ್ಕಳು ಹೆದರುವುದು ಬೇಡವೆಂದು. ಆದರೆ ಮಕ್ಕಳೇನೂ ಹೆದರಿದ ಹಾಗೆ ಕಾಣಲಿಲ್ಲ. ನೀರಿನ ಬಾಟಲಿ ಕೈಯಿಂದ ಕೈಗೆ ದಾಟಿ ಕೊನೆಯವಳಿಗೆ ಬಂದಾಗ ಅವಳು ತಳದಲ್ಲಿ ಒಂದು ಗುಟುಕು ಬಿಟ್ಟು ಕುರ್ಚಿಯ ಕಾಲ ಬಳಿ ಇಡುತ್ತಿದ್ದಳು. ಹೀಗೆ ಮಾಡೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ದಿನ ಅಂಕಣದ ಹಿಂದಿನ ಬಲಮೂಲೆಗೆ ಚೆಂಡು ಮತ್ತೆ ಮತ್ತೆ ಬೀಳುತ್ತಿತ್ತು. ಲಾಲಿ ಸಿಟ್ಟಿನಲ್ಲಿ ಕೂಗಿದಳು: "ಭವಿತಾ, ಸ್ವಲ್ಪ ಹಿಂದೆ ನಿಲ್ಲು!"

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಹುಡುಗಿಯರು ಮಾತ್ರ ಟೀಚರ್ ಸರಿಯಾದ್ದನ್ನೇ ಹೇಳಿದರು ಎಂಬಂತೆ ಒಂದಿಷ್ಟು ಸರಿದು ಜಾಗ ಬಿಟ್ಟರು. ಆ ಸಂಜೆ ಕುರ್ಚಿಯ ಅಂಗಿಯನ್ನು ಎತ್ತಿ ಕೊಡುವಾಗ ಅದರ ಬೆನ್ನು ಒದ್ದೆಯಾಗಿತ್ತು. ಬಿಸಿಲು ಚೆನ್ನಾಗಿಯೇ ಇತ್ತು. ಯಾರೋ ನೀರು ಚೆಲ್ಲಿರಬೇಕು ಎಂದು ಲಾಲಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸೇವಂತಿಯಕ್ಕ ಅಂಗಿಯನ್ನು ಮೂಗಿಗೆ ಹಿಡಿದು, ಮತ್ತೆ ಚೀಲಕ್ಕೆ ಹಾಕಿಕೊಂಡರು. ಮೈದಾನ ದಾಟುವಾಗ ಮಾತ್ರ ಅವರು ತಮ್ಮ ಮನೆಮಾತಾದ ಅರೆಭಾಷೆಯಲ್ಲಿ, ಹಿಂದೆ ತಿರುಗದೆ, ಆಟ ಮುಗಿಸಿ ಮನೆಗೆ ಹೋಗಲು ಯಾರನ್ನೋ ಕರೆದದ್ದು ಕೇಳಿಸಿತು: "ಸಾಕ್ ಆಡ್ದ್. ಬಾ ಮಗ, ಮನೆಗೆ ಹೋಕು."

ಈ ವರ್ಷವೂ ತಂಡ ವಲಯ ಮಟ್ಟದಲ್ಲಿ ಗೆದ್ದಿತು. ತಾಲೂಕು ಪಂದ್ಯದ ದಿನ ಜೀಪು ಹೇಳಿದ ಹೊತ್ತಿಗೆ ಬಂತು. ಮೂಡುಕಜೆಯ ಹುಡುಗಿಯರು ದಾರಿಯುದ್ದಕ್ಕೂ ಹಾಡಿದರು. ಮೊದಲ ಪಂದ್ಯ ಗೆದ್ದರು, ಎರಡನೆಯದನ್ನೂ ಗೆದ್ದರು. ಕೊನೆಯ ಪಂದ್ಯದಲ್ಲಿ ಎದುರಿಗೆ ಪೇಟೆಯ ದೊಡ್ಡ ಶಾಲೆಯ ತಂಡ. ಅಂಕ ಸಮಸಮವಾಗಿ ಏರುತ್ತಿದ್ದಾಗ ಅಂಪೈರ್ ಸೀಟಿ ಊದಿ ಆಟ ನಿಲ್ಲಿಸಿದರು. ಪುತ್ತೂರಿನ ಕಡೆಯ ಹಿರಿಯರು ಅವರು, ಬಾಳಿನ ಅರ್ಧವನ್ನು ಎತ್ತರದ ಸ್ಟೂಲಿನ ಮೇಲೆಯೇ ಕಳೆದವರು. ಬೆರಳು ಚಾಚಿ ಮೂಡುಕಜೆಯ ಕಡೆ ಎಣಿಸಿದರು.

"ಎಂಟು ಜನ ಉಂಟಲ್ಲ ಟೀಚರ್? ಆಡಬೇಕಾದ್ದು ಏಳು."

ಲಾಲಿ ಎಣಿಸಿದಳು. "ಏಳೇ ಸರ್."

"ನನಗೆ ಕಣ್ಣು ಕಾಣುದಿಲ್ಲವಾ?" ಅವರು ಮತ್ತೆ ಎಣಿಸಿದರು. ಬೆರಳು ಹಿಂದಿನ ಬಲಮೂಲೆಯಲ್ಲಿ, ಮೋಕ್ಷಿತಾಳ ಪಕ್ಕದ ಖಾಲಿ ಜಾಗದ ಎದುರು ಒಂದು ಕ್ಷಣ ನಿಂತು ಮುಂದೆ ಹೋಯಿತು. "ಎಂಟು. ಒಂದು ಮಗುವನ್ನು ಹೊರಗೆ ಕರೀರಿ. ಇಲ್ಲದಿದ್ರೆ ಪಂದ್ಯ ಆಚೆಯವರಿಗೆ ಕೊಡ್ಬೇಕಾಗ್ತದೆ. ಮತ್ತೆ ನನ್ನನ್ನು ದೂರುದು ಬೇಡ."

ಬದಿಯಲ್ಲಿ ಸೇವಂತಿಯಕ್ಕ ಎದ್ದು ನಿಂತಿದ್ದರು. ಒಂದು ಕೈಯಲ್ಲಿ ಬಿಳಿ ಟವಲು, ಇನ್ನೊಂದರಲ್ಲಿ ನೀರಿನ ಬಾಟಲಿ. ಪಕ್ಕದ ಕುರ್ಚಿಗೆ ಬೆಳಗ್ಗೆ ತೊಡಿಸಿದ್ದ ಅಂಗಿ ಈಗ ಅಲ್ಲಿರಲಿಲ್ಲ.

"ನೀವು ಅವಳನ್ನು ಎಷ್ಟು ಸಲ ಕರೆದಿದ್ರಿ ಟೀಚರ್?" ಎಂದು ಕೇಳಿದರು.

"ಮೊದಲ ದಿನ... ಮೂರು ಸಲ. ಗೊತ್ತಿಲ್ಲದೆ."

ಸೇವಂತಿಯಕ್ಕ ಟವಲನ್ನು ಬಾಯಿಗೆ ಒತ್ತಿಕೊಂಡರು. ಅದು ಹೆದರಿಕೆಯೋ ಸಂತೋಷವೋ ಲಾಲಿಗೆ ತಿಳಿಯಲಿಲ್ಲ. ಕೊನೆಗೆ ಟವಲು ಇಳಿಸಿ ಹೇಳಿದರು: "ಹಾಗಾದ್ರೆ ಕಳಿಸುದೂ ಹಾಗೇ. ಕರೆದವರೇ ಹೊರಗೆ ನಿಂತು ಮೂರು ಸಲ ಕರೀಬೇಕು. ಹಾಗೆ ಹೊರಗೆ ಬಂದವಳು ಮತ್ತೆ ಒಳಗೆ ಹೋಗ್ಲಿಕ್ಕಿಲ್ಲ." ಅಂಕಣದ ಕಡೆ ನೋಡಿದರು. "ಕರೀರಿ. ಇವಳಿಂದಾಗಿ ಆ ಮಕ್ಕಳ ಆಟ ಹಾಳಾಗುದು ಬೇಡ. ಅಂಗಿ, ಜೀಪು ಎಲ್ಲ ಮುಂದೆಯೂ ಕೊಡ್ತೇನೆ, ಅದಕ್ಕೆ ನೀವು ಹೆದರ್ಬೇಡಿ."

ಅಂಪೈರ್ ಗಡಿಯಾರ ನೋಡಿದರು. ಲಾಲಿ ಗೆರೆಯ ಹತ್ತಿರ ಹೋಗಿ ನಿಂತಳು. ಅಂಕಣದ ಹುಡುಗಿಯರು ಅವಳನ್ನೇ ನೋಡುತ್ತಿದ್ದರು. ಹಿಂದಿನ ವರ್ಷ ಶಾಲೆಯ ಮೆಟ್ಟಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದ ಕಣ್ಣುಗಳೇ ಅವು.

"ಭವಿತಾ."

ಏನೂ ಅಲುಗಲಿಲ್ಲ.

"ಭವಿತಾ."

ಬಲಮೂಲೆಯ ಮಣ್ಣಿನಲ್ಲಿ ಸಣ್ಣಗೆ ಧೂಳು ಎದ್ದ ಹಾಗಾಯಿತು. ಆಡುವ ಮಗುವನ್ನು ನಡುವೆಯೇ ಮನೆಗೆ ಕರೆದರೆ ಅದು ಒಂದು ಕಾಲಿನಿಂದ ನೆಲ ಕೆರೆಯುತ್ತದಲ್ಲ, ಹಾಗೆ. ಲಾಲಿ ತಿರುಗಿ ಸೇವಂತಿಯಕ್ಕನ ಮುಖ ನೋಡಿದಳು. ಅವರು ಕಣ್ಣು ಮುಚ್ಚಿಕೊಂಡು ಮೂರನೆಯ ಕರೆಗಾಗಿ ಕಾಯುತ್ತಿದ್ದರು.

ಲಾಲಿ ಅಂಕಣದ ಕಡೆ ತಿರುಗಿ ಬಾಯಿ ತೆರೆದಳು.

"ಮೋಕ್ಷಿತಾ."

ನಾಯಕಿ ಯಾಕೆಂದು ಕೇಳಲಿಲ್ಲ. ಪಕ್ಕದ ಖಾಲಿ ಜಾಗಕ್ಕೆ ಅಂಗೈ ತೋರಿಸಿ, ತಂಡದವರು ಒಬ್ಬರಿಗೊಬ್ಬರು ತಟ್ಟುವ ಹಾಗೆ ಗಾಳಿಯಲ್ಲಿ ತಟ್ಟಿ, ಗೆರೆ ದಾಟಿ ಬಂದು ಸೇವಂತಿಯಕ್ಕನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು. ತುಟಿ ಕಚ್ಚಿ ಹಿಡಿದಿದ್ದಳು, ಅಳಲಿಲ್ಲ.

ಅಂಪೈರ್ ಬೆರಳು ಚಾಚಿ ನಿಧಾನವಾಗಿ ಎಣಿಸಿದರು.

"ಏಳು. ಈಗ ಸರಿ ಆಯ್ತು ನೋಡಿ," ಎಂದು ಸೀಟಿ ಊದಿದರು.

ಲಾಲಿ ಎಣಿಸಲು ಹೋಗಲಿಲ್ಲ. ಎದುರಿನ ತಂಡದ ಎತ್ತರದ ಹುಡುಗಿ ಮೂಡುಕಜೆಯ ಹಿಂದಿನ ಬಲಮೂಲೆಯ ಖಾಲಿ ಜಾಗಕ್ಕೆ ಗುರಿಯಿಟ್ಟು ಬಲವಾಗಿ ಎಸೆದಳು. ಚೆಂಡು ನೆಟ್ಟಿನ ಮೇಲಿಂದ ಬರುವುದು ಕಂಡಿತು. ಲಾಲಿ ತಲೆ ತಗ್ಗಿಸಿ ಸುಣ್ಣದ ಗೆರೆಯನ್ನೇ ನೋಡುತ್ತಾ ಅದು ನೆಲಕ್ಕೆ ಬೀಳುವ ಸದ್ದಿಗಾಗಿ ಕಾದಳು. ಸದ್ದು ಬರಲಿಲ್ಲ. ಮೋಕ್ಷಿತಾ ಕುರ್ಚಿಯಿಂದ ಅರ್ಧ ಎದ್ದು ಚಪ್ಪಾಳೆ ತಟ್ಟತೊಡಗಿದಳು. ಪಕ್ಕದಲ್ಲಿ ಸೇವಂತಿಯಕ್ಕ ಟವಲನ್ನು ಹೆಗಲಿಗೆ ಹಾಕಿಕೊಂಡು, ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು, ಆಟ ಮುಗಿಯುವುದನ್ನು ಕಾಯುತ್ತಾ ಕೂತರು.