ತಿರುಗಿದ ನಕ್ಷೆ

ಕಂಟ್ರಾಕ್ಟರ್ ಅನಂತರಾಜು ನಕ್ಷೆ ಓದುವುದರಲ್ಲಿ ಎಂದೂ ಎಡವಿದವನಲ್ಲ. ಕಾಗದವನ್ನು ನೆಲದ ಮೇಲೆ ಹರಡಿ, ಅದರಲ್ಲಿರುವ ರಸ್ತೆ ನಿಜವಾದ ರಸ್ತೆಯ ಕಡೆಗೇ ಬರುವ ಹಾಗೆ ತಿರುಗಿಸಿಕೊಂಡು, ಆಮೇಲೆ ಸುಣ್ಣದ ಗೆರೆ ಹಾಕಿಸುತ್ತಿದ್ದ. ಈ ಸಲ ಇಂಜಿನಿಯರ್ ಮಹಾಶಯರು ಕಾಗದ ಕೊಡುವ ತೊಂದರೆ ತೆಗೆದುಕೊಳ್ಳಲಿಲ್ಲ, ಫೋನಿಗೆ ಕಳಿಸಿದರು. ಮಣ್ಣು ತೆಗೆಸಬೇಕಿದ್ದ ಬಾಗಲೂರಿನ ಎರಡೆಕರೆ ಜಮೀನು ಅಂಗೈಯಗಲದ ಗಾಜಿನೊಳಗೆ ಬಂದು ಕೂತಿತು.

ಅದರಲ್ಲಿ ಅವನಿಗೆ ಬೇಕಾಗಿದ್ದುದು ಒಂದೇ ಮೂಲೆ. ಜಮೀನಿನ ಒಡತಿ ಮುನಿಯಲ್ಲಮ್ಮನ ಗಂಡನನ್ನು ಹೂತಿದ್ದ ಮೂಲೆ. ಅದನ್ನು ಮುಟ್ಟುವುದಿಲ್ಲವೆಂದು ಆಕೆಯ ಜಗಲಿಯಲ್ಲಿ ಕೂತು ಮಾತು ಕೊಟ್ಟಿದ್ದ. ಜಾಗವನ್ನು ಕಣ್ಣಾರೆ ಕಂಡು ಗುರುತು ಮಾಡಿಕೊಂಡಿದ್ದವರು ಇಂಜಿನಿಯರು. ಇವನಿಗೆ ಕಾಣುತ್ತಿದ್ದುದು ಆಳೆತ್ತರದ ಲಂಟಾನ ಪೊದೆ ಮಾತ್ರ.

ಎರಡು ಬೆರಳಲ್ಲಿ ಹಿಗ್ಗಿಸಿದ. ಮೂಲೆ ಪರದೆ ತುಂಬಿತು, ರಸ್ತೆ ಹೊರಗೆ ಹೋಯಿತು. ಕಾಗದದ ಅಭ್ಯಾಸದಂತೆ ಫೋನನ್ನು ಅಡ್ಡ ತಿರುಗಿಸಿದ. ಅತಿಬುದ್ಧಿವಂತ ಫೋನು ನಕ್ಷೆಯನ್ನು ತಾನೇ ವಾಪಸ್ ತಿರುಗಿಸಿ ಮೊದಲಿನ ಹಾಗೇ ನಿಲ್ಲಿಸಿಬಿಟ್ಟಿತು. ಪೊದೆಗಳ ಕಡೆ ನೋಡುತ್ತಿದ್ದ ಅವನಿಗೆ ಗೊತ್ತೇ ಆಗಲಿಲ್ಲ. ರಸ್ತೆಯಿಂದ ದೂರದ ಹಿಂಬದಿಯ ಮೂಲೆಗೆ ಸುಣ್ಣ ಹಾಕಿಸಿ, "ಅದೊಂದ್ ಬಿಟ್ಟು ಮಿಕ್ಕಿದ್ದೆಲ್ಲಾ ಎತ್ತು ಗುರು" ಎಂದು ಜೆಸಿಬಿಯ ವಹಾಬನಿಗೆ ಹೇಳಿದ.

ಮಾರನೆಯ ದಿನ ಪಿತೃಪಕ್ಷದ ಅಮಾವಾಸ್ಯೆ. ಮುನಿಯಲ್ಲಮ್ಮ ಒಂದು ಮೊಳ ಕನಕಾಂಬರ ಹಿಡಿದು ಬಂದಳು. ಸುಣ್ಣದ ಗೆರೆಯತ್ತ ತಿರುಗಿಯೂ ನೋಡದೆ ರಸ್ತೆ ಬದಿಯ ಗುಂಡಿಯವರೆಗೆ ನಡೆದು, ಅಲ್ಲೇ ನಿಂತುಬಿಟ್ಟಳು.

"ಏನಪ್ಪಾ ಇಂಗ್ ಮಾಡ್ಬುಟ್ಟೆ?"

ಅನಂತರಾಜು ಹಿಂಬದಿಯ ಮೂಲೆಯತ್ತ ಕೈ ತೋರಿಸಿದ. "ಅಮ್ಮಾ, ಅಲ್ಲಿ ಗೆರೆ ಹಾಕಿದೀನಲ್ಲ..."

"ಅಲ್ ಯಾರವ್ರೆ? ನಮ್ ಯಜಮಾನ್ರು ಇಲ್ಲಲ್ವಾ ಇದ್ದಿದ್ದು!"

ಫೋನು ತೆಗೆದು ನಕ್ಷೆಯನ್ನು ಕುಗ್ಗಿಸಿದ. ರಸ್ತೆ ಕಾಣಿಸಿತು. ಇಂಜಿನಿಯರು ಗುರುತು ಹಾಕಿದ್ದ ಮೂಲೆ ಆ ರಸ್ತೆಗೆ ಅಂಟಿಕೊಂಡೇ ಇತ್ತು. ವಹಾಬ್ ಇಂಜಿನ್ ಆರಿಸಿ ಇಳಿದು ಬಂದ.

"ಸಾರ್, ಈ ಜಾಗದ್ ಮಣ್ಣು ಬೆಳಗ್ಗೇನೇ ಲೋಡಾಗಿ ಹೋಯ್ತು. ತಣಿಸಂದ್ರದಲ್ಲಿ ಯಾವ್ದೋ ಅಪಾರ್ಟ್‌ಮೆಂಟ್ ಫಿಲ್ಲಿಂಗ್‌ಗೆ."

ಮುನಿಯಲ್ಲಮ್ಮ ಮಣ್ಣು ತೂರಿ ಶಾಪ ಹಾಕುತ್ತಾಳೆಂದು ಅನಂತರಾಜು ಕಾದ. ಹಾಕಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಗುಂಡಿ ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ಖಾಲಿ ನಿಂತಿದ್ದ ಟಿಪ್ಪರಿನ ಹತ್ತಿರ ಹೋಗಿ, ಬಾಗಿಲ ಕಂಬಿ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟು ಅನಂತರಾಜುವಿನತ್ತ ತಿರುಗಿದಳು.

"ನಡಿಯಪ್ಪ, ಎಲ್ ಸುರಿದವ್ರೋ ತೋರ್ಸು. ಊವ ಇಕ್ಬೇಕು."