ಕಾಜಾ ಕಾಣುವಂತಿರಲಿ

ನಮ್ಮ ಬೀದಿಯ ದರ್ಜಿ ಹೊಲಿಗೆಯ ಬಗ್ಗೆ ಬ್ಲಾಗ್ ಬರೆಯುತ್ತಾರೆ. ಓದುವವರು ಹಲವರು, ಅವರು ಬರೆಯುವುದು ಮಾತ್ರ ಒಬ್ಬರಿಗಾಗಿ. ಸೂಜಿ ಹಿಡಿಯಲು ಕಲಿಸಿದ, ಈಗ ದೂರದಲ್ಲಿರುವ ಅಕ್ಕನಿಗಾಗಿ. ಫೋನಿನಲ್ಲಿ ಅಕ್ಕ ಮಂಡಿನೋವು ಬಿಟ್ಟು ಬೇರೆ ಮಾತಾಡುವವರಲ್ಲ. ಬ್ಲಾಗಿನಲ್ಲಿ ಮಾತ್ರ ಹಳೆಯ ಅಕ್ಕ. ತೋಳು ಬಿಗಿಯಾಯಿತು, ಅಂಚು ಸೊಟ್ಟಗಾಯಿತು ಎಂದು ಒಂದೇ ಮೇಜಿಗೆ ಎದುರುಬದುರು ಕುಳಿತಂತೆ ಬೈಯುತ್ತಿದ್ದರು.

ಅಕ್ಕ ಬೈಯಲು ಬರುತ್ತಿದ್ದುದು ಒಂದು ಕಂಪನಿಯ ಆ್ಯಪ್ ಮೂಲಕ. ಕಂಪನಿ ಅದನ್ನು ಮುಚ್ಚಿತು. ಬೈಗುಳವೂ ನಿಂತಿತು.

ದರ್ಜಿಯ ಮಗಳು ಬ್ಲಾಗನ್ನು ಮುಕ್ತ ಜಾಲಕ್ಕೆ ಜೋಡಿಸಿದಳು. ಅದು ಯಾರೊಬ್ಬರ ಸೊತ್ತಲ್ಲ. ಫೋನ್ ಕಂಪನಿ ಬೇರೆಯಾದರೂ ಕರೆ ಹೋಗುವ ಹಾಗೆ, ಬೇರೆ ಬೇರೆ ಆ್ಯಪ್‌ನವರು ಅಲ್ಲಿ ಪರಸ್ಪರ ಓದಬಹುದು, ಉತ್ತರಿಸಬಹುದು. ಹುರುಪಿನಲ್ಲಿ ಅದರ ತಾಂತ್ರಿಕ ಹೆಸರುಗಳನ್ನೆಲ್ಲ ಬಣ್ಣಬಣ್ಣದಲ್ಲಿ ಪುಟದ ನೆತ್ತಿಗೆ ಅಂಟಿಸಿದಳು. ಪುಟ ಔಷಧಿ ಡಬ್ಬಿಯಂತೆ ಕಂಡಿತು.

"ಒಳಹೊಲಿಗೆ ಗಿರಾಕಿಗೆ ಕಾಣಬಾರದು ಕಣಮ್ಮ," ಎಂದರು ದರ್ಜಿ.

ಎಲ್ಲವೂ, ಉತ್ತರಿಸಲು ಬೇಕಾದ ವಿಳಾಸವೂ ಸೇರಿ, ಪುಟದ ತಳಕ್ಕೆ, ಇರುವೆ ಗಾತ್ರದ ಬೂದು ಅಕ್ಷರಕ್ಕೆ ಇಳಿಯಿತು. ಪುಟ ಅಚ್ಚುಕಟ್ಟಾಯಿತು. ಅಕ್ಕ ಬರಲಿಲ್ಲ. ತನ್ನ ಬರವಣಿಗೆ ಅವರಿಗೆ ಸಾಕಾಗಿದೆ ಎಂದುಕೊಂಡ ದರ್ಜಿ, ಮೆಷಿನ್ ತುಳಿಯುತ್ತಲೇ ಫೋನಿನತ್ತ ಕಣ್ಣು ಹಾಯಿಸುವುದನ್ನು ಮಾತ್ರ ಬಿಡಲಿಲ್ಲ.

ಒಂದು ದಿನ ಮಂಡಿನೋವಿನ ವರದಿಯ ನಡುವೆ ಅಕ್ಕ ತಡೆದು ಹೇಳಿದರು: "ನಿನ್ನ ಪುಟ ನೋಡ್ತಾನೇ ಇದೀನಿ ಕಣೋ. ಉತ್ತರ ಬರೆಯೋಕೆ ಜಾಗಾನೇ ಸಿಗ್ಲಿಲ್ಲ. ನನ್ನ ಹತ್ರ ಬೈಸ್ಕೊಂಡು ಬೇಜಾರಾಗಿರ್ಬೇಕು ಅಂತ ಸುಮ್ನಾದೆ."

ಫೋನಿಟ್ಟ ದರ್ಜಿ ಮಗಳಿಗೆ ಅದನ್ನು ಹೇಳುತ್ತ ಕತ್ತರಿಯನ್ನು ಸುಮ್ಮನೆ ತೆರೆದು ಮುಚ್ಚುತ್ತಿದ್ದರು.

"ಒಳಹೊಲಿಗೆ ಕಾಣಬಾರದು, ಸರಿ," ಎಂದಳು ಮಗಳು. "ಕಾಜಾನೂ ಮುಚ್ಚಿಬಿಟ್ರೆ ಗುಂಡಿ ಹಾಕೋದು ಎಲ್ಲಿಗಪ್ಪಾ?"

ಅಂದೇ ಶೀರ್ಷಿಕೆಯ ಕೆಳಗೆ ಒಂದು ಸಾಲು ಬಂತು: ಈ ವಿಳಾಸವನ್ನು ನಿಮ್ಮ ಆ್ಯಪ್‌ನಲ್ಲಿ ಹುಡುಕಿ, ಅಲ್ಲಿಂದಲೇ ಓದಿ, ಉತ್ತರಿಸಿ. ಪ್ರತಿ ಬರಹದ ಕೊನೆಗೂ ಅದೇ ಸಾಲು. ತಾಂತ್ರಿಕ ಹೆಸರುಗಳು ಬೇಕಾದವರಿಗೆಂದು ಬೇರೆ ಪುಟಕ್ಕೆ ಹೋದವು.

ಸಂಜೆ ಮೆಷಿನ್ ನಿಂತಿತು. ಹಳೆಯದು ಮುಚ್ಚಿದ ಮೇಲೆ ಹಾಕಿಕೊಂಡಿದ್ದ ಹೊಸ ಆ್ಯಪ್‌ನಿಂದ ಅಕ್ಕ ಬರೆದಿದ್ದರು: "ಕಾಲರ್ ಒಳಬಟ್ಟೇನ ಓರೆಯಾಗಿ ಕತ್ತರಿಸು ಅಂತ ಎಷ್ಟು ಸಲ ಹೇಳಿದೀನಿ?" ದರ್ಜಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

ನೀವೂ ಬ್ಲಾಗ್ ಬರೆಯುತ್ತೀರಾ? ಇಂದೇ ಅದನ್ನು ಪರರ ಕಣ್ಣಿನಿಂದ ನೋಡಿ. ಜಾಲದ ಹೆಸರು ಮೆರೆಯಬೇಕಿಲ್ಲ. ನಿಮ್ಮನ್ನು ತಲುಪುವ ದಾರಿ ಅಡಗಬಾರದು. ಅದನ್ನು ಸರಳ ಮಾತಿನಲ್ಲಿ, ಕಣ್ಣಿಗೆ ಬೀಳುವ ಕಡೆ ಇಡಿ. ನಿಮ್ಮನ್ನು ಬೈಯಲು ಕಾದಿರುವ ಒಬ್ಬರು ಬಾಗಿಲು ಕಾಣದೆ ಹೊರಗೇ ನಿಂತಿರಬಹುದು.